ಟಕ್ ಟಕ್ ಸದ್ದು ಬಂತಾ? ಮೊದಲು ವೈರ್ ಕೀಳಿ

ಪ್ರಶ್ನೆ: ಹಾವೇರಿಯಲ್ಲಿ ನಮ್ಮದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ಹೋದ ವಾರ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟೇಬಲ್ ಮೇಲಿಂದ ಬಿತ್ತು. ಈಗ ಹಚ್ಚಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ. ಮೂರು ಮದುವೆಗಳ ಫೋಟೋ ಅದರಲ್ಲಿವೆ, ಒಂದರ ಆಲ್ಬಮ್ ಇನ್ನೂ ಕೊಟ್ಟಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ ಅಂತ ಒಬ್ಬರು, ಮುಚ್ಚಳ ಬಿಚ್ಚಿ ಒಳಗಿನ ಮುಳ್ಳು ಸರಿಸಿದರೆ ಸಾಕು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇದನ್ನು ಓದುವ ಹೊತ್ತಿಗೂ ಆ ಡಿಸ್ಕ್ ಕಂಪ್ಯೂಟರಿಗೆ ಹಚ್ಚಿಯೇ ಇದ್ದರೆ ಮೊದಲು ವೈರ್ ಕೀಳಿ. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಹಚ್ಚಬೇಡಿ. ಫ್ರಿಜ್ ಬೇಡ. ಸ್ಕ್ರೂಡ್ರೈವರ್ ಅಂತೂ ಬೇಡವೇ ಬೇಡ.

ಯಾಕೆ ಅಂತ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ನಿಮ್ಮದರಂಥ ಚಿಕ್ಕ ಡಿಸ್ಕ್‌ಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 90 ಸುತ್ತು. ನಿಮಗೆ ಹೇಳಿದ ಆ ಮುಳ್ಳಿನ ತುದಿಯಲ್ಲಿರುವ ಓದುವ ಹೆಡ್ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್. ಹೀಗಿರುವಾಗ ಬೇಸಿಗೆಯಲ್ಲಿ ಕಿಟಕಿ ತೆರೆದರೆ ಮೇಜಿನ ಮೇಲೆ ಬಂದು ಕೂರುತ್ತದಲ್ಲ, ಆ ಧೂಳಿನ ಒಂದೇ ಒಂದು ಕಣ ಹೆಡ್‌ಗೆ ಬಂಡೆಗಲ್ಲು ಅಡ್ಡ ಬಂದ ಹಾಗೆ. ಮುಚ್ಚಳ ತೆಗೆಯುವ ಕೆಲಸವನ್ನು ಗಾಳಿ ಸೋಸಿದ ಕ್ಲೀನ್ ರೂಮಿನಲ್ಲೇ ಮಾಡುವುದು ಅದಕ್ಕೇ.

ಇನ್ನು ಆ ಟಕ್ ಟಕ್. ಹೆಡ್‌ಗೆ ದಾರಿ ತೋರಿಸುವ ಗುರುತುಗಳು ತಟ್ಟೆಯ ಮೇಲೇ ಇರುತ್ತವೆ. ಹೆಡ್ ಹೋಗಿ ಹುಡುಕುತ್ತದೆ, ಸಿಗುವುದಿಲ್ಲ, ವಾಪಸ್ ಬಂದು ಮತ್ತೆ ಹೋಗುತ್ತದೆ. ನಿಮಗೆ ಕೇಳುತ್ತಿರುವುದು ಅದರದ್ದೇ ಸದ್ದು. ಬಿದ್ದ ಏಟಿಗೆ ಹೆಡ್ ಬಾಗಿದ್ದರೆ, ನೀವು ಕರೆಂಟ್ ಕೊಟ್ಟ ಪ್ರತಿ ಸಲವೂ ಅದು ತಟ್ಟೆಯನ್ನು ಕೆರೆಯುತ್ತಿರಬಹುದು. ಫೋಟೋಗಳಿರುವುದು ಆ ತಟ್ಟೆಯ ಮೇಲಿನ ತೆಳು ಲೇಪದಲ್ಲೇ. ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆದರೆ ತಂಪು ನೀರಿನ ಲೋಟದ ಮೇಲೆ ಹನಿ ಕಟ್ಟುವಂತೆ ಡಿಸ್ಕ್‌ನಲ್ಲೂ ಪಸೆ ಕಟ್ಟಬಹುದು, ಆ ಸ್ಥಿತಿಯಲ್ಲಿ ಅದನ್ನು ತಿರುಗಿಸಿದರೆ ಇದ್ದದ್ದೂ ಹೋಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ನಾನು ರೆಕಾರ್ಡ್ ಮಾಡಿಟ್ಟಿದ್ದೆ, ಸುಮಾರು ನಾಲ್ಕು ತಾಸಿನಷ್ಟು. ಅದಿದ್ದ ಡಿಸ್ಕ್ ಒಂದು ರಾತ್ರಿ ಹೀಗೇ ಸದ್ದು ಮಾಡಲು ಶುರು ಮಾಡಿತು. ಬೆಳಗಿನವರೆಗೂ ಹತ್ತಾರು ಸಲ ಹಚ್ಚಿ ನೋಡಿದೆ, ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಎಲ್ಲ ಆಯಿತು. ಮರುದಿನ ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದೆ. ಅವರು ಫ್ಯಾನ್ ಕೆಳಗೆ, ಮೇಜಿನ ಮೇಲೆ ಮುಚ್ಚಳ ಬಿಚ್ಚಿದರು. ತಟ್ಟೆಯ ಮೇಲೆ ಬಳೆಯಷ್ಟು ದುಂಡಗೆ ಒಂದು ಗೀರು ಬಿದ್ದಿತ್ತು, ಅದರ ಪಕ್ಕದಲ್ಲಿ ಬೂದಿಯಂಥ ಪುಡಿ. ಆ ಪುಡಿಯಲ್ಲೇ ಅಜ್ಜಿಯ ದನಿ ಇತ್ತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಮೊದಲ ಟಕ್ ಕೇಳಿದಾಗಲೇ ನಿಲ್ಲಿಸಿದ್ದರೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು.

ಇನ್ನೊಂದು ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು, ಅದೇ ಮಾಡೆಲ್‌ನ ಬೇರೆ ಡಿಸ್ಕ್ ತಂದು ಅದರ ಹಸಿರು ಸರ್ಕ್ಯೂಟ್ ಬೋರ್ಡನ್ನು ನಿಮ್ಮದಕ್ಕೆ ಹಾಕಿ ಅಂತ. ಬಹಳ ಹಿಂದಿನ ಡಿಸ್ಕ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಬೋರ್ಡ್‌ನಲ್ಲಿ ಆಯಾ ಡಿಸ್ಕ್‌ಗೇ ಹೊಂದಿಸಿದ ಮಾಹಿತಿಯ ಚಿಪ್ ಇರುತ್ತದೆ, ಅದನ್ನೂ ಕಿತ್ತು ಹೊಸ ಬೋರ್ಡ್‌ಗೆ ಕೂರಿಸಬೇಕು. ಅಲ್ಲದೆ ನಿಮ್ಮದು ಬಿದ್ದು ಕೆಟ್ಟದ್ದು, ಬೋರ್ಡ್‌ನ ತಪ್ಪೇ ಇರಲಿಕ್ಕಿಲ್ಲ.

ಈಗ ಆಲ್ಬಮ್ ಕೊಡಬೇಕಾದ ಮದುವೆಯ ಮಾತು. ಡಿಸ್ಕ್ ಪಕ್ಕಕ್ಕಿಟ್ಟು ಕ್ಯಾಮೆರಾದ ಕಾರ್ಡ್‌ಗಳನ್ನು ಹೊರಗೆ ತೆಗೆಯಿರಿ. ಆ ಮದುವೆ ಆದ ಮೇಲೆ ಅವುಗಳಲ್ಲಿ ಎಷ್ಟು ಶೂಟ್ ಮಾಡಿದ್ದೀರಿ? ಕ್ಯಾಮೆರಾದಲ್ಲಿ ಮಾಮೂಲಿ ಫಾರ್ಮ್ಯಾಟ್ ಮಾಡಿದರೆ ಬಹುತೇಕ ಸಲ ಅಳಿಯುವುದು ಯಾವ ಫೋಟೋ ಎಲ್ಲಿದೆ ಎಂಬ ಪಟ್ಟಿ ಮಾತ್ರ, ಫೋಟೋಗಳು ಅವುಗಳ ಮೇಲೆ ಹೊಸದು ಬಂದು ಕೂರುವವರೆಗೆ ಅಲ್ಲೇ ಇರುತ್ತವೆ. ಹಾಗಾಗಿ ಈ ಕ್ಷಣದಿಂದ ಆ ಕಾರ್ಡ್‌ಗಳಲ್ಲಿ ಒಂದು ಫೋಟೋನೂ ತೆಗೆಯಬೇಡಿ, ನಾಳೆ ಕೆಲಸ ಇದ್ದರೆ ಹೊಸ ಕಾರ್ಡ್ ಕೊಳ್ಳಿ. ಫೋಟೋರೆಕ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದು ಆ ಪಟ್ಟಿಯ ಗೊಡವೆಗೇ ಹೋಗದೆ, ಜೆಪೆಗ್ ಮತ್ತು ರಾ ಫೈಲುಗಳು ಶುರುವಾಗುವ ಗುರುತನ್ನು ನೋಡಿ ಒಂದೊಂದೇ ಫೋಟೋ ಹೆಕ್ಕುತ್ತದೆ. ಹೆಸರುಗಳು ಹೋಗಿರುತ್ತವೆ, ಎಲ್ಲಕ್ಕೂ ಬರೀ ನಂಬರ್ ಇರುತ್ತದೆ, ಮುಹೂರ್ತ ಯಾವುದು ಅರಿಶಿನದ ಶಾಸ್ತ್ರ ಯಾವುದು ಅಂತ ನೀವೇ ಕೂತು ಬೇರ್ಪಡಿಸಬೇಕು. ಸಿಕ್ಕಿದ್ದನ್ನು ಅದೇ ಕಾರ್ಡ್‌ಗೆ ಉಳಿಸಲೇಬೇಡಿ, ಬೇರೆ ಕಡೆ ಉಳಿಸಿ. ಉಳಿದೆರಡು ಮದುವೆಗಳಿಗೆ ಆಲ್ಬಮ್ ಪ್ರಿಂಟ್ ಹಾಕಿಸಿದ ಲ್ಯಾಬ್‌ನಲ್ಲಿ ಒಂದು ಮಾತು ಕೇಳಿ, ಕಳಿಸಿದ ಡಿಸೈನ್ ಶೀಟ್‌ಗಳು ಅವರ ಹತ್ತಿರ ಇನ್ನೂ ಇರಬಹುದು.

ಇಷ್ಟಾದ ಮೇಲೂ ಡಿಸ್ಕ್ ಬೇಕೇ ಬೇಕು ಅಂದರೆ ಕ್ಲೀನ್ ರೂಮ್ ಇರುವ ಲ್ಯಾಬ್‌ಗೇ ಕಳಿಸಿ. ಖರ್ಚು ಜಾಸ್ತಿ. ಕಳಿಸುವ ಮೊದಲೇ ಮೂರು ಮಾತು ಕೇಳಿಕೊಳ್ಳಿ: ಬರೀ ನೋಡುವುದಕ್ಕೆ ಎಷ್ಟು, ಏನೂ ಸಿಗದಿದ್ದರೆ ಎಷ್ಟು, ದುಡ್ಡು ಕಟ್ಟುವ ಮುಂಚೆ ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತೀರಾ. ಮದುವೆ ಮನೆಯವರಿಗೂ ಇವತ್ತೇ ನಿಜ ಹೇಳಿಬಿಡಿ. ಅವರ ನೆಂಟರ ಮೊಬೈಲ್‌ಗಳಲ್ಲಿ ಎಷ್ಟೋ ಫೋಟೋ ಇರುತ್ತವೆ, ಅವರು ಅಳಿಸುವ ಮುಂಚೆ ಕೇಳಿದರೆ ತಾನೇ ಸಿಗುವುದು?

ಪ್ರಶ್ನೆ: ಗದಗದಲ್ಲಿ ನಮ್ಮ ಪ್ರೆಸ್ ಇದೆ. ಹಳೆಯ ಕಂಪ್ಯೂಟರಿನ ಡಿಸ್ಕ್ ಬಹಳ ನಿಧಾನ ಆಗಿತ್ತು, ಸದ್ದೇನೂ ಇರಲಿಲ್ಲ. ಪರಿಚಯದ ಹುಡುಗನೊಬ್ಬ ಫೈಲುಗಳನ್ನು ತೆಗೆದುಕೊಟ್ಟ. ಆದರೆ ತೆರೆದರೆ ಕನ್ನಡವೇ ಇಲ್ಲ, ಎಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹದಿನೈದು ವರ್ಷದ ಲಗ್ನಪತ್ರಿಕೆ, ಪುಸ್ತಕಗಳ ಕೆಲಸ. ಎಲ್ಲ ಹಾಳಾಯಿತಾ?

ಉತ್ತರ: ಹಾಳಾಗಿಲ್ಲ ಅಂತಲೇ ನನಗೆ ಅನಿಸುತ್ತದೆ, ಸ್ವಲ್ಪ ಉಸಿರು ಬಿಡಿ. ಯುನಿಕೋಡ್, ಅಂದರೆ ಈಗ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ, ಬಳಕೆಗೆ ಬರುವ ಮುಂಚೆ ನಾವೆಲ್ಲ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಿದ್ದೆವಲ್ವಾ? ಆ ಫೈಲುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಒಳಗಿನದು ಹಾಗೇ ಕಾಣುತ್ತಿದೆ. ಒಂದು ಫೈಲ್ ತೆರೆದು ಹತ್ತಿರದಿಂದ ನೋಡಿ. ದೊಡ್ಡ ಪಿ, ತಲೆ ಮೇಲೆ ಗೀರಿರುವ ಎ, ಪೌಂಡ್ ಚಿಹ್ನೆ ಹೀಗೆ ಒಂದರ ಹಿಂದೊಂದು ಬಂದಿದ್ದರೆ ಅದು ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವೇ ಇರಬಹುದು. ಹಳೆಯ ನುಡಿ ಫಾಂಟ್ ಹಾಕಿ, ಪಠ್ಯ ಆಯ್ಕೆ ಮಾಡಿ ಆ ಫಾಂಟ್ ಕೊಡಿ, ಅಕ್ಷರಗಳು ಕಣ್ಣೆದುರೇ ಎದ್ದು ನಿಲ್ಲುತ್ತವೆ. ನಿಜವಾಗಿ ಕೆಟ್ಟ ಫೈಲ್ ಆದರೆ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಇಲ್ಲವೇ ಅರ್ಧದಿಂದ ಖಾಲಿ ಇರುತ್ತದೆ.

ಸಾವಿರಾರು ಫೈಲುಗಳ ಹೆಸರು ಹೋಗಿ ನಂಬರ್ ಬಂದಿದ್ದರೆ ಈಗಿನ ಯುನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು. ಬೇಕಾದ ಪದವನ್ನು ಮೊದಲು ಹಳೆಯ ನುಡಿಗೆ ಕನ್ವರ್ಟ್ ಮಾಡಿ, ಬರುವ ಆ ಕಲಸುಮೇಲೋಗರವನ್ನೇ ಹುಡುಕಾಟಕ್ಕೆ ಹಾಕಿ.

ಹಳೆಯ ಡಿಸ್ಕನ್ನು ಎಸೆಯಬೇಡಿ. ನಿಧಾನ ಆಗಿದೆ ಅಂದರೆ ಕೆಟ್ಟ ಸೆಕ್ಟರ್‌ಗಳು, ಅಂದರೆ ಸರಿಯಾಗಿ ಓದಲು ಬಾರದ ಜಾಗಗಳು, ಇರಬಹುದು, ಆ ಹುಡುಗ ನೇರವಾಗಿ ಕಾಪಿ ಮಾಡಿದ್ದರೆ ಕೆಲವು ಫೈಲು ಬಿಟ್ಟುಹೋಗಿರಬಹುದು. ಇದಕ್ಕೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಹಳ ಒಳ್ಳೆಯದು. ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಗೆ ಹೋಗುತ್ತದೆ. ಎಲ್ಲಿಯವರೆಗೆ ಬಂತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಇಡೀ ಡಿಸ್ಕ್‌ನ ನಕಲು ಇನ್ನೊಂದು ದೊಡ್ಡ ಡಿಸ್ಕ್‌ಗೆ ಬರಲಿ, ಹುಡುಕಾಟ ಏನಿದ್ದರೂ ನಕಲಿನ ಮೇಲೆ ಮಾಡಿ. ಮೂಲ ಡಿಸ್ಕ್ ಮೇಲೆ ವಿಂಡೋಸ್‌ನ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ರಿಪೇರಿ ಅಂತ ಅಲ್ಲೇ ತಿದ್ದಿ ಬರೆಯುತ್ತದೆ.

ಪ್ರಶ್ನೆ: ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯಿಂದ ಎರಡು ಅಧ್ಯಾಯ ಡಿಲೀಟ್ ಆಗಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿಬಿಟ್ಟೆ. ರಿಕವರಿ ಸಾಫ್ಟ್‌ವೇರ್ ಕೊಳ್ಳಲೇ?

ಉತ್ತರ: ಸದ್ಯಕ್ಕೆ ದುಡ್ಡು ಹಾಕಬೇಡಿ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್. ಅದರಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ವಿಂಡೋಸ್ 7ರಿಂದಲೂ ಇದೆ. ಫೈಲ್ ಅಳಿಸಿದ ಕೂಡಲೇ ಈ ಜಾಗ ಬೇಡ ಅಂತ ವಿಂಡೋಸ್ ಹೇಳುತ್ತದೆ, ಡ್ರೈವ್ ಅದನ್ನು ಒಳಗೊಳಗೇ ಒರೆಸಿಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಂತೆ ಕೆದಕಿ ತೆಗೆಯುವುದು ಇಲ್ಲಿ ಬಹುತೇಕ ಆಗದ ಕೆಲಸ.

ಹಾಗಂತ ಅಧ್ಯಾಯ ಹೋಯಿತು ಅಂತಲ್ಲ. ಗೂಗಲ್ ಡ್ರೈವ್‌ಗೆ ಹಾಕಿದ್ದರೆ ಅದರ ಟ್ರ್ಯಾಶ್ ನೋಡಿ, ಅಲ್ಲಿ 30 ದಿನ ಇರುತ್ತದೆ. ವರ್ಡ್ ತೆರೆದು, ಉಳಿಸದ ಡಾಕ್ಯುಮೆಂಟ್‌ಗಳನ್ನು ಮರಳಿ ತರುವ ಆಯ್ಕೆ ನೋಡಿ. ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಒಯ್ದಿದ್ದಿರಾ? ಅದರಲ್ಲಿ ಅಳಿಸಿದ್ದರೂ ಫೋಟೋರೆಕ್‌ಗೆ ಸಿಗಬಹುದು, ಅದು ವರ್ಡ್ ಫೈಲುಗಳನ್ನೂ ಗುರುತಿಸುತ್ತದೆ. ಮುಖ್ಯವಾಗಿ ಗೈಡ್‌ಗೆ ಕಳಿಸಿದ ಇಮೇಲ್‌ಗಳನ್ನು ಒಂದೊಂದಾಗಿ ತೆರೆಯಿರಿ. ತಿದ್ದುವ ಮುಂಚಿನ ಕರಡು ಸಿಕ್ಕರೂ ತಿದ್ದಿದ್ದು ನಿಮ್ಮ ತಲೆಯಲ್ಲಿ ಇನ್ನೂ ಹಸಿಯಾಗಿದೆ, ಎಂಟು ಹತ್ತು ದಿನದಲ್ಲಿ ಮತ್ತೆ ಕಟ್ಟಬಹುದು. ಏನು ಸಿಕ್ಕಿತು ಅಂತ ಬರೆದು ತಿಳಿಸಿ.