ಇಪ್ಪತ್ತು ಕ್ಯಾಬ್, ಒಂದು ಟ್ರಾನ್ಸ್‌ಫಾರ್ಮರ್

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ 20 ಎಲೆಕ್ಟ್ರಿಕ್ ಕ್ಯಾಬ್ ಓಡುತ್ತಿವೆ. ಶೆಡ್ಡಿನಲ್ಲಿ ಎಲ್ಲಕ್ಕೂ 7.4 ಕಿಲೋವ್ಯಾಟ್‌ನ ಎಸಿ ಚಾರ್ಜರ್ ಹಾಕಿಸುವ ಯೋಚನೆ. 150 ಕಿಲೋವ್ಯಾಟ್ ಲೋಡ್ ಬೇಕೆಂದರೆ ಬೇರೆ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು ಅನ್ನುತ್ತಾರೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಅಷ್ಟು ಲೋಡ್ ನಿಮಗೆ ಬೇಕಾಗುವುದೇ ಇಲ್ಲ. ಕ್ಯಾಬ್ ದಿನಕ್ಕೆ 150 ಕಿ.ಮೀ. ಓಡುತ್ತದೆ, ಕಿ.ಮೀ.ಗೆ 150 ವ್ಯಾಟ್-ಅವರ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ ಗಾಡಿಗೆ 25 ಯೂನಿಟ್ ಸಾಕು. ಚಾರ್ಜರನ್ನು 32 ಆಂಪಿಯರ್ ಬದಲು 16ಕ್ಕೆ ಮಿತಿಗೊಳಿಸಿದರೆ ರಾತ್ರಿ 10ರಿಂದ ಬೆಳಿಗ್ಗೆ 6ರೊಳಗೆ 29 ಯೂನಿಟ್ ತುಂಬುತ್ತದೆ. ಇಪ್ಪತ್ತೂ ಗಾಡಿ ಸೇರಿ 74 ಕಿಲೋವ್ಯಾಟ್. 80 ಕಿಲೋವ್ಯಾಟ್ ಮಂಜೂರಾತಿ ಕೇಳಿ.

ಚಾರ್ಜರ್ ಕೊಳ್ಳುವ ಮೊದಲು ಗಾಡಿಯೊಳಗಿನ ಚಾರ್ಜರ್ ಎಷ್ಟರದು ನೋಡಿ. ಅದು 3.3 ಕಿಲೋವ್ಯಾಟ್‌ನದಾದರೆ ಗೋಡೆಯ ಮೇಲಿನ 7.4ರ ಪೆಟ್ಟಿಗೆಗೆ ಸುರಿದ ಹಣ ದಂಡ.

ಸಾಮಾನ್ಯವಾಗಿ ಕೆಡುವುದು ಫೇಸ್ ಹಂಚಿಕೆಯಲ್ಲಿ. ಇವು ಸಿಂಗಲ್ ಫೇಸ್ ಚಾರ್ಜರ್‌ಗಳು. ವೈರಿಂಗ್ ಸುಲಭವೆಂದು ಒಂದು ಸಾಲನ್ನಿಡೀ ಆರ್, ವೈ, ಬಿ ಎಂಬ ಮೂರು ಫೇಸ್ ತಂತಿಗಳಲ್ಲಿ ಆರ್ ಒಂದಕ್ಕೇ ಕೊಟ್ಟರೆ ಆ ಫೇಸಿನ ಫ್ಯೂಸ್ ಹಾರುತ್ತದೆ, ನ್ಯೂಟ್ರಲ್ ತಂತಿ ಬಿಸಿಯಾಗುತ್ತದೆ, ಅದೇ ಟ್ರಾನ್ಸ್‌ಫಾರ್ಮರಿನ ಅಕ್ಕಪಕ್ಕದ ಮನೆಗಳಲ್ಲಿ ವೋಲ್ಟೇಜ್ ಏರುಪೇರಾಗುತ್ತದೆ. ಆರ್, ವೈ, ಬಿಗೆ 7, 7, 6ರಂತೆ ಹಂಚಿ. ತಡವಾಗಿ ಬರುವ ಗಾಡಿಗಳೆಲ್ಲ ಒಂದೇ ಫೇಸಿಗೆ ಬೀಳದಂತೆ ನಿಲುಗಡೆ ಗುರುತಿಸಿ.

ರಾತ್ರಿ 2ಕ್ಕೆ ಬಂದ ಗಾಡಿಗೆ 16 ಆಂಪಿಯರ್ ಸಾಲದು. ಅದಕ್ಕೇ ಒಸಿಪಿಪಿ (ಚಾರ್ಜರನ್ನು ದೂರದ ತಂತ್ರಾಂಶದಿಂದ ನಿಯಂತ್ರಿಸುವ ಸಾಮಾನ್ಯ ಸಂವಹನ ಮಾನದಂಡ) ಬೆಂಬಲವಿರುವ ಚಾರ್ಜರ್ ತೆಗೆದುಕೊಳ್ಳಿ: ಮುಗಿದ ಗಾಡಿಯ ಪಾಲನ್ನು ತಂತ್ರಾಂಶ ಇದಕ್ಕೆ ತಿರುಗಿಸುತ್ತದೆ. ಆದರೆ ಚಾರ್ಜ್ ಆಗುತ್ತಿರುವ ಯಾವ ಗಾಡಿಯ ಪಾಲನ್ನೂ 6 ಆಂಪಿಯರ್‌ಗಿಂತ ಕೆಳಗೆ ಇಳಿಸಲಾಗದು, ಚಾರ್ಜಿಂಗ್ ನಿಂತೇಹೋಗುತ್ತದೆ. ಆಗ ಸರದಿ ಹಾಕಬೇಕು. ಇಂಟರ್ನೆಟ್ ಕಡಿದಾಗ ಚಾರ್ಜರ್ ತಾನಾಗಿ 16ಕ್ಕೆ ಇಳಿಯುವಂತೆ ಅದರಲ್ಲೇ ಹೊಂದಿಸಿರಬೇಕು. ಇಲ್ಲವಾದರೆ ಎಲ್ಲವೂ 32ಕ್ಕೆ ಏರಿ, ಮೀಟರಿನ ಗರಿಷ್ಠ ಬೇಡಿಕೆ ಮಂಜೂರಾತಿಯನ್ನು ದಾಟಿ, ಬಿಲ್ಲಿನಲ್ಲಿ ದಂಡ ಬರುತ್ತದೆ. ಕರೆಂಟು ಹೋಗಿ ಬಂದಾಗಲೂ ಎಲ್ಲ ಒಮ್ಮೆಲೇ ಶುರುವಾಗದಂತೆ ಕೆಲವು ನಿಮಿಷ ಹಿಂದೆ ಮುಂದೆ ಮಾಡಿ.

ಅರ್ಜಿಯ ಜೊತೆ ಈ ಲೆಕ್ಕ, ಫೇಸ್ ಪಟ್ಟಿ, ಚಾರ್ಜಿಂಗ್ ವೇಳಾಪಟ್ಟಿ ಮೂರನ್ನೂ ಬೆಸ್ಕಾಂ ಎಂಜಿನಿಯರರಿಗೆ ಕೊಡಿ. ಸಂಜೆಯ ಪೀಕ್ ಹೊತ್ತಿನಲ್ಲಿ ಚಾರ್ಜ್ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಅವರಿಗೂ ಲೆಕ್ಕ ಹಾಕುವುದು ಸುಲಭ.

ಪ್ರಶ್ನೆ: ಬ್ಯಾಟರಿಯಿಂದ ಗ್ರಿಡ್‌ಗೆ ವಿದ್ಯುತ್ ಮಾರಬಹುದೇ?

ಉತ್ತರ: ನಿಮ್ಮ ಮಾಮೂಲಿ ಎಸಿ ಚಾರ್ಜರಿನಿಂದ ಆಗದು. ಗಾಡಿ, ಚಾರ್ಜರ್ ಎರಡೂ ದ್ವಿಮುಖವಾಗಿರಬೇಕು, ಮೀಟರು ಮತ್ತು ಒಪ್ಪಂದ ಬೇರೆ ಬೇಕು. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದಲ್ಲಿ ಬಾಡಿಗೆ ಕಾರುಗಳಿಂದ ಇದನ್ನು ಮಾಡುತ್ತಿದ್ದಾರೆ. ನಿಮ್ಮಿಂದ ಈಗಲೇ ಆಗುವುದು ಮಧ್ಯಾಹ್ನದ ಬಿಡುವಿನಲ್ಲಿ, ಸೌರವಿದ್ಯುತ್ ಹೇರಳವಾಗಿರುವಾಗ, ಒಂದಷ್ಟು ತುಂಬಿಕೊಳ್ಳುವುದು. ಆಗ ರಾತ್ರಿಯ ಹೊರೆಯೂ ತಗ್ಗುತ್ತದೆ.