ಮುಕ್ತೇಶ್ವರವನ್ನೇ ಯಾಕೆ ಆರಿಸಿದರು?

ದನಗಳ ರೋಗದ ಪ್ರಯೋಗಾಲಯವನ್ನು ಬ್ರಿಟಿಷರು ಪುಣೆಯಿಂದ ಅಷ್ಟು ದೂರದ, ಈಗಿನ ಉತ್ತರಾಖಂಡದ ಮುಕ್ತೇಶ್ವರದ ಗುಡ್ಡಕ್ಕೆ ಯಾಕೆ ಒಯ್ದರು ಅಂತ ಕೇಳಿದ್ದೀರಿ. ಮುಖ್ಯ ಕಾರಣ ದೊಡ್ಡರೋಗದ ಭಯ, ಅಂದರೆ ದನದಿಂದ ದನಕ್ಕೆ ಬೇಗ ಹರಡಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ರೋಗದ ಭಯ. 1889ರಲ್ಲಿ ಪುಣೆಯಲ್ಲಿ ಶುರುವಾದ ಪ್ರಯೋಗಾಲಯದ ಸುತ್ತ ಜನ, ದನ ಎರಡೂ ಜಾಸ್ತಿ. ಜೀವಂತ ರೋಗಾಣು ಇಟ್ಟುಕೊಂಡು ಅಲ್ಲಿ ಕೆಲಸ ಮಾಡೋದು ಅಪಾಯ, ಅಲ್ವಾ? 1893ರಲ್ಲಿ ಹಿಮಾಲಯದ ಕಾಡಿನ ನಡುವೆ, ಸುಮಾರು 7,500 ಅಡಿ ಎತ್ತರಕ್ಕೆ ಹೋದರು. ಅಲ್ಲಿನ ತಂಪೂ ಅನುಕೂಲವಾಯಿತು.

ಬ್ರಿಟನ್ನಿನಲ್ಲಿ 1860ರ ದಶಕದಲ್ಲಿ ರೋಗ ಬಂದಾಗ ದನಗಳನ್ನು ಕೊಂದು ತಡೆದಿದ್ದರು. ಇಲ್ಲಿ ಅದು ಆಗದ ಮಾತು. ಎತ್ತು ಹೋದರೆ ರೈತನ ಉಳುಮೆಯೇ ನಿಂತಂತೆ, ಮೇಲೆ ಗೋವನ್ನು ಕೊಲ್ಲಲು ಜನ ಬಿಡುತ್ತಿರಲಿಲ್ಲ. ಹಾಗಾಗಿ ಸೀರಂ ದಾರಿ ಹಿಡಿದರು. ರೋಗ ಗೆದ್ದ ದನದ ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟರೆ, ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಔಷಧಿ. ಆದರೆ ಅದರ ಕಾಪು ಕೆಲವೇ ದಿನ. ರೋಗದ ರಕ್ತವನ್ನೂ ಜೊತೆಗೆ ಚುಚ್ಚಿದರೆ ಕಾಪು ಬಹುಕಾಲ ಇರುತ್ತಿತ್ತು, ಆದರೆ ಆ ರಕ್ತದಲ್ಲಿ ಬೇರೆ ರೋಗಗಳೂ ದಾಟುತ್ತಿದ್ದವು. ಬೆಟ್ಟದ ದನಗಳಿಗಂತೂ ಸೀರಂ ಹೆಚ್ಚು ಬೇಕಾಗುತ್ತಿತ್ತು.

ನನಗೆ ತುಂಬ ಇಷ್ಟವಾದದ್ದು ಮುಂದಿನ ಹೆಜ್ಜೆ. 1920ರ ದಶಕದಲ್ಲಿ ಅಲ್ಲೇ ಎಡ್ವರ್ಡ್ಸ್ ಅನ್ನುವವರು ರೋಗಾಣುವನ್ನು ಒಂದು ಮೇಕೆಯಿಂದ ಇನ್ನೊಂದು ಮೇಕೆಗೆ ದಾಟಿಸುತ್ತಾ ಹೋದರು. ದನದ ಮಟ್ಟಿಗೆ ಅದರ ಬಿರುಸು ತಗ್ಗಿತು. ಆಮೇಲೆ ಸೀರಂ ಇಲ್ಲದೆ ಅದನ್ನೇ ಲಸಿಕೆಯಾಗಿ ಕೊಡಲು ಸಾಧ್ಯವಾಯಿತು.