ನೀಟ್: ಕನ್ನಡ ಪ್ರಶ್ನೆಪತ್ರಿಕೆ ಮತ್ತು ಋಣಾಂಕಗಳ ಲೆಕ್ಕ

ಪ್ರಶ್ನೆ: ಜಮಖಂಡಿ ಸಮೀಪದ ಹಳ್ಳಿಯಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ನೀಟ್‌ನ ಮಾದರಿ ಪರೀಕ್ಷೆಗಳಲ್ಲಿ ಭೌತಶಾಸ್ತ್ರ ಕೈಕೊಡುತ್ತಿದೆ. ಕನ್ನಡ ಪ್ರಶ್ನೆಪತ್ರಿಕೆ ಆಯ್ದುಕೊಳ್ಳಬಹುದೇ?
– ಒಬ್ಬ ತಂದೆ, ಬಾಗಲಕೋಟೆ ಜಿಲ್ಲೆ

ಉತ್ತರ: ಅವಶ್ಯ ಆಯ್ದುಕೊಳ್ಳಬಹುದು. ಅದರಲ್ಲಿ ಕನ್ನಡದ ಜೊತೆಗೆ ಪ್ರಶ್ನೆಗಳ ಇಂಗ್ಲಿಷ್ ಆವೃತ್ತಿಯೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ.

ಆದರೆ ನಿಮ್ಮ ಪತ್ರ ಓದಿದಾಗ ನನಗೆ ಭಾಷೆಗಿಂತ ಹೆಚ್ಚು ಕಳವಳ ತಂದದ್ದು ಭೌತಶಾಸ್ತ್ರ. ಅದರ 45 ಪ್ರಶ್ನೆಗಳಲ್ಲಿ 40ಕ್ಕೆ ಉತ್ತರಿಸಿ 22 ಸರಿ, 18 ತಪ್ಪಾದರೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತದ ಲೆಕ್ಕದಲ್ಲಿ ಸಿಗುವುದು 70. ಆ 18ನ್ನು ಬಿಟ್ಟಿದ್ದರೆ 88 ಸಿಗುತ್ತಿತ್ತು, ಜೊತೆಗೆ ಸಮಯವೂ ಉಳಿಯುತ್ತಿತ್ತು. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಬಲ್ಲಳಾದರೆ ಮಾತ್ರ ಊಹಿಸಲಿ. ಪ್ರತಿ ಪರೀಕ್ಷೆಯ ನಂತರ, ತಪ್ಪಾದದ್ದು ಪರಿಕಲ್ಪನೆ ತಿಳಿಯದೆಯೋ, ಸೂತ್ರ ಮರೆತೋ, ಸೆಂಟಿಮೀಟರನ್ನು ಮೀಟರಿಗೆ ಬದಲಿಸದೆಯೋ ಎಂಬುದನ್ನು ಪ್ರಶ್ನೆಯ ಪಕ್ಕದಲ್ಲೇ ಬರೆದಿಡಲಿ. ಮುಂದೆ ಏನನ್ನು ಓದಬೇಕೆಂಬುದನ್ನು ಆ ಟಿಪ್ಪಣಿಯೇ ತಿಳಿಸುತ್ತದೆ. ಕೋಚಿಂಗ್‌ನ ದಪ್ಪ ಪುಸ್ತಕಗಳಿಗಿಂತ ಮೊದಲು ಎನ್‌ಸಿಇಆರ್‌ಟಿ ಪಠ್ಯದ ಲೆಕ್ಕಗಳು ಮುಗಿಯಲಿ.

ಇನ್ನೊಂದು ಮಾತು: ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳಿವೆ. ಅವುಗಳಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ಪಡೆದಿಡಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಸೌಲಭ್ಯ ಮಾತ್ರ ಬಾಗಲಕೋಟೆ ಜಿಲ್ಲೆಗೆ ಅನ್ವಯಿಸುವುದಿಲ್ಲ.